ಬೆಲ್ ಒತ್ತದ ಅಜ್ಜ

ರಾತ್ರಿ 1.30ರ ಹೊತ್ತಿಗೆ ವಾರ್ಡಿನ ಕೊನೆಯ ಮಂಚದ ಕಡೆಯಿಂದ ಧೊಪ್ಪನೆ ಸದ್ದಾಯಿತು. ಓಡಿಹೋಗಿ ನೋಡಿದರೆ, ಹೃದಯ ವೈಫಲ್ಯಕ್ಕೆಂದು ದಾಖಲಾಗಿದ್ದ ಅಜ್ಜ ನೆಲದ ಮೇಲಿದ್ದರು. ಮಂಚದ ಎರಡೂ ಕಡೆಯ ಕಂಬಿ ಏರಿಸಿದವಳು ನಾನೇ. ಬೆಲ್ಲನ್ನು ಕೈಗೆಟುಕುವಂತೆ ದಿಂಬಿನ ಪಕ್ಕ ಇಟ್ಟವಳೂ ನಾನೇ. ರೋಗಿ ಬೀಳುವ ಅಪಾಯ ಎಷ್ಟೆಂದು ಅಂಕ ಕೊಟ್ಟು ಅಳೆಯುವ ಮೋರ್ಸ್ ಸ್ಕೇಲಿನಲ್ಲಿ ಸಂಜೆ ಲೆಕ್ಕ ಹಾಕಿ ಬರೆದಿದ್ದೆ: ಸಕ್ಕರೆ ಕಾಯಿಲೆಯೂ ಇದ್ದುದರಿಂದ 15, ಊರುಗೋಲಿಗೆ 15, ಕೈಯ ರಕ್ತನಾಳಕ್ಕೆ ಹಾಕಿದ್ದ ಕ್ಯಾನುಲಾ ಎಂಬ ಕೊಳವೆಗೆ 20, ನಿಶ್ಶಕ್ತ ನಡಿಗೆಗೆ 10, ಒಟ್ಟು 60. 45 ದಾಟಿದರೆ ಬೀಳುವ ಅಪಾಯ ಹೆಚ್ಚು ಎಂದು ನಮ್ಮಲ್ಲಿ ಎಣಿಸುತ್ತೇವೆ. ಅಂದರೆ ಅವರು ಬೀಳಬಹುದು ಅಂತ ನನಗೆ ಗೊತ್ತಿತ್ತು.

ಬಿದ್ದವರನ್ನು ಕಂಡರೆ ಕೈ ತಾನಾಗಿ ಎತ್ತಲು ಹೋಗುತ್ತದೆ. ಹಾಗೆ ಎತ್ತಬಾರದು. ಪಕ್ಕದಲ್ಲಿ ಕೂತು ಮಾತಾಡಿಸಿದೆ. ತಲೆ ತಾಗಿತೇ, ಕತ್ತು ನೋಯುತ್ತಿದೆಯೇ, ಕೈಕಾಲು ಆಡುತ್ತಿವೆಯೇ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತಿದೆಯೇ ಎಂದು ನೋಡಿದೆ. ಬಿಪಿ, ನಾಡಿ, ಸಕ್ಕರೆ ಪರೀಕ್ಷಿಸಿ ಡಾಕ್ಟರನ್ನು ಕರೆಸಿದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ತಲೆಗೆ ಸಣ್ಣ ಪೆಟ್ಟು ಬಿದ್ದಿದ್ದರೂ ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಅಜ್ಜನ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು.

"ಬೆಲ್ ಯಾಕೆ ಒತ್ತಲಿಲ್ಲ ಅಜ್ಜಾ?" ಅಂತ ಕೇಳಿದೆ.

"ನೀವು ಆ ಕಡೆ ಮಂಚದವರ ಹತ್ರ ಓಡಾಡ್ತಿದ್ರಿ ಸಿಸ್ಟರ್. ಒಂದಕ್ಕೆ ಹೋಗೋಕೆಲ್ಲ ನಿಮ್ಮನ್ನ ಕರೀಬೇಕಾ ಅಂತ..."

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ರಾತ್ರಿ 8 ಗಂಟೆಗೆ ಅವರಿಗೆ ಫ್ಯೂರೋಸೆಮೈಡ್ ಮಾತ್ರೆ ಕೊಟ್ಟವಳು ನಾನು. ಅದು ಗಂಟೆಯೊಳಗೆ ಮೂತ್ರ ಹೆಚ್ಚಿಸುತ್ತದೆ, 6ರಿಂದ 8 ಗಂಟೆ ಹಾಗೇ ಕೆಲಸ ಮಾಡುತ್ತದೆ. ನಡುರಾತ್ರಿ ಅವರು ಏಳಲೇಬೇಕಿತ್ತು. ನಾನು ಮಾತ್ರೆ ಕೊಟ್ಟೆ, ಕಂಬಿ ಏರಿಸಿದೆ, "ಬೇಕಾದ್ರೆ ಕರೀರಿ" ಅಂದು ಹೊರಟೆ. ಅವಸರದಲ್ಲಿದ್ದವರು ಕಂಬಿಯನ್ನೇ ದಾಟಿ ಇಳಿಯಲು ಹೋದರು, ಬಿದ್ದ ಎತ್ತರವೂ ಅಷ್ಟು ಹೆಚ್ಚಾಯಿತು.

ಅಂದಿನಿಂದ "ಕರೀರಿ" ಅನ್ನುವುದನ್ನು ನಾನು ಸಾಕಾದ ಎಚ್ಚರಿಕೆ ಅಂದುಕೊಂಡಿಲ್ಲ. ಬೆಲ್ ಒತ್ತಲು ಸಂಕೋಚಪಡುವವರೇ ಹೆಚ್ಚು. ಗಂಡಸರಿಗೆ ನರ್ಸ್ ಮುಂದೆ ಹೇಳಲು ನಾಚಿಕೆ, ವಯಸ್ಸಾದವರಿಗೆ ಇನ್ನೊಬ್ಬರ ಆಸರೆ ಬೇಕಾಯಿತಲ್ಲ ಎಂಬ ನೋವು. ಅದಕ್ಕೇ ನಾನೇ ಹೊತ್ತು ನೋಡಿ ಹೋಗುತ್ತೇನೆ. ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಒಮ್ಮೆ, ಬೆಳಗಿನ ಜಾವ ಒಮ್ಮೆ. "ಹೋಗ್ಬೇಕಾ?" ಅಂದರೆ "ಬೇಡ" ಅನ್ನುತ್ತಾರೆ. "ಬನ್ನಿ, ಒಂದ್ಸಲ ಹೋಗಿ ಬಂದ್ಬಿಡೋಣ" ಅಂದರೆ ಎದ್ದು ಬರುತ್ತಾರೆ. ಮಾತ್ರೆಯ ಹೊತ್ತನ್ನು ಮಧ್ಯಾಹ್ನಕ್ಕೆ ತರಬಹುದೇ ಎಂದು ಡಾಕ್ಟರನ್ನು ಕೇಳಲು ಹಿಂಜರಿಯುವುದಿಲ್ಲ. ಬಹಳ ಸಲ ಬದಲಾಯಿಸಿದ್ದಾರೆ.

ಎಬ್ಬಿಸುವಾಗಲೂ ಆತುರ ಕೂಡದು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸುತ್ತೇನೆ. ತಲೆ ಸುತ್ತುತ್ತದೆ ಎನ್ನುವವರಿಗೆ ಮಲಗಿದ್ದಾಗ ಮತ್ತು ನಿಂತ 3 ನಿಮಿಷದೊಳಗೆ ಬಿಪಿ ನೋಡುತ್ತೇನೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅವತ್ತು ನಡೆಸುವುದಿಲ್ಲ, ಮೂತ್ರ ಹಿಡಿಯುವ ಪಾತ್ರೆ, ಯೂರಿನಲ್, ಮಂಚಕ್ಕೇ ಬರುತ್ತದೆ. ಶೌಚಾಲಯಕ್ಕೆ ಕರೆದೊಯ್ದರೆ ಬಾಗಿಲ ಬಳಿಯೇ ನಿಲ್ಲುತ್ತೇನೆ. "ಒಂದು ನಿಮಿಷ ಬರ್ತೀನಿ" ಅಂತ ಹೋದಾಗ ಬಿದ್ದವರನ್ನು ನೋಡಿದ್ದೇನೆ. ಮಂಚ ತಗ್ಗಿಸುವುದು, ಚಕ್ರದ ಬ್ರೇಕ್ ಹಾಕುವುದು, ಕನ್ನಡಕ, ಊರುಗೋಲು, ನೀರು ಕೈಗೆ ಸಿಗುವಂತಿಡುವುದು ಎಲ್ಲರಿಗೂ ಗೊತ್ತಿರುವುದೇ.

ಡ್ಯೂಟಿ ಬದಲಾಗುವಾಗ "ಸ್ಕೋರ್ 60" ಅಂತಷ್ಟೇ ಹೇಳುವುದನ್ನು ಬಿಟ್ಟಿದ್ದೇನೆ. "ಇವರು ಕರೆಯೋದಿಲ್ಲ, 1 ಗಂಟೆಗೆ ನೀವೇ ಹೋಗಿ" ಅನ್ನುತ್ತೇನೆ. ಕೇಳಿದವಳಿಗೆ ಏನು ಮಾಡಬೇಕೆಂದು ಆಗ ತಿಳಿಯುತ್ತದೆ.

ಒಬ್ಬಳೇ ಇರುವ ರಾತ್ರಿಗಳು ಈಗಲೂ ಕಷ್ಟ. ಇಬ್ಬರಿಗೆ ಒಟ್ಟಿಗೇ ಅವಸರವಾದರೆ, ಕಾಲು ಆಗಲೇ ಕೆಳಗಿಟ್ಟವರ ಹತ್ತಿರ ಮೊದಲು ಹೋಗುತ್ತೇನೆ. ಇನ್ನೊಬ್ಬರ ಕೈಗೆ ಯೂರಿನಲ್ ಕೊಟ್ಟು, ಪರದೆ ಎಳೆದು, "ಐದು ನಿಮಿಷ" ಅನ್ನುತ್ತೇನೆ. ಐದು ಅಂದ ಮೇಲೆ ಐದಕ್ಕೇ ವಾಪಸ್ ಬರುತ್ತೇನೆ. ತಡವಾದರೆ ಮುಂದಿನ ಸಲ ಅವರು ಕಾಯುವುದಿಲ್ಲ.