ಗೆಸ್ಸೋ ಮೇಲೆ ಕೂತ ಚಿನ್ನ: ಬೆಂಗಳೂರಿನ ಹವೆಯಲ್ಲಿ ಉಬ್ಬುಚಿನ್ನ ಮಾಡಿದ ಲೆಕ್ಕ

ಪಾರ್ಚ್‌ಮೆಂಟ್ ಎಂಬ ಚರ್ಮದ ಹಾಳೆಯ ಮೇಲೆ ಗೆಸ್ಸೋ ಎಂಬ ಲೇಪವನ್ನು ಉಬ್ಬಾಗಿ ಹಾಕಿ, ಅದರ ಮೇಲೆ ರೇಕು, ಅಂದರೆ ಚಿನ್ನದ ತೆಳು ತಗಡು, ಕೂರಿಸಿ ಹೊಳಪು ಕೊಡುವುದೇ ಉಬ್ಬುಚಿನ್ನ. ಅದು ನಮ್ಮ ಹವೆಗೆ ಒಗ್ಗುವುದಿಲ್ಲ, ಅಕ್ರಿಲಿಕ್ ಅಂಟು ಹಚ್ಚಿ ರೇಕು ಒತ್ತಿ ಮುಗಿಸಿ ಎಂದವರೇ ಹೆಚ್ಚು. ಹದಿನಾಲ್ಕು ತಿಂಗಳ ಹಿಂದೆ ಕೂರಿಸಿದ ಮೂರು ಅಕ್ಷರಗಳು ಒಂದು ಮಳೆಗಾಲ, ಒಂದು ಬೇಸಿಗೆ ದಾಟಿದ ಮೇಲೂ ಹಾಗೇ ಇವೆ. ಹಾಳೆಯನ್ನು ಬೆರಳಿಗೆ ಸುತ್ತುವಷ್ಟು ಬಾಗಿಸಿದರೂ ಬಿರುಕಿಲ್ಲ. ಆದ್ದರಿಂದ ಈಗ ಧೈರ್ಯವಾಗಿ ಬರೆಯಬಹುದು.

ಮಾಡಿದ್ದು ದೊಡ್ಡ ಚಿತ್ರವೇನಲ್ಲ. 1400ರ ಆಸುಪಾಸಿನ ಫ್ರೆಂಚ್ ಪ್ರಾರ್ಥನಾ ಪುಸ್ತಕಗಳಲ್ಲಿ ಪುಟಪುಟಕ್ಕೂ ಸಿಗುವ ಸಾದಾ ಮೊದಲಕ್ಷರ: ಚಿನ್ನದ ಅಕ್ಷರ, ಅದರ ಹಿಂದೆ ನೀಲಿ ಮತ್ತು ಗುಲಾಬಿ ನೆಲ, ನೆಲದ ಮೇಲೆ ಬಿಳಿ ಎಳೆ. ಎತ್ತರ 14 ಮಿಲಿಮೀಟರ್. ಇಷ್ಟೇ ಆದರೂ ಚಿನ್ನ ಉಬ್ಬಿ ನಿಲ್ಲಬೇಕು, ಪುಟ ತಿರುಗಿಸಿದರೆ ಕನ್ನಡಿಯ ಹಾಗೆ ಒಮ್ಮೆ ಕಪ್ಪಾಗಿ ಒಮ್ಮೆ ಬೆಳಕಾಗಿ ಹೊಳೆಯಬೇಕು. ಅಕ್ರಿಲಿಕ್ ಅಂಟಿನ ಮೇಲೆ ಆ ಹೊಳಪು ಬರುವುದೇ ಇಲ್ಲ. ಅದು ಒಣಗಿದ ಮೇಲೂ ರಬ್ಬರಿನಂತೆ ಮೆತ್ತಗಿರುತ್ತದೆ, ಹೊಳಪು ಕೊಡಲು ಉಜ್ಜುವ ಅಗೇಟ್ ಕಲ್ಲಿನ ಒತ್ತಡ ತಡೆಯುವ ಗಟ್ಟಿ ತಳ ರೇಕಿಗೆ ಸಿಗುವುದಿಲ್ಲ.

ಮೈಸೂರು ಶೈಲಿಯಲ್ಲಿ ಗೆಸ್ಸೋ ಎಳೆದ ಕೈಗೆ ಇದು ಸುಲಭ ಅನ್ನಿಸುತ್ತದೆ. ಮೊದಲು ಮೋಸ ಮಾಡುವುದೂ ಅದೇ. ನಮ್ಮ ಗೆಸ್ಸೋದಲ್ಲಿ ಸಫೇದ ಎಂಬ ಬಿಳಿ ಪುಡಿ, ರೇವಲಚಿನ್ನಿ ಎಂಬ ಹಳದಿ ಅಂಟು, ಗೋಂದು. ಕೆಳಗೆ ಬಾಗದ ಹಲಗೆ. ರೇಕು ಅಂಟಿದ ಮೇಲೆ ತೆಳು ಕಾಗದ ಇಟ್ಟು ಕಲ್ಲಿನಿಂದ ಉಜ್ಜಿದರೆ ಆಯಿತು. ಪಾರ್ಚ್‌ಮೆಂಟ್ ಹಾಗಲ್ಲ, ಅದು ಚರ್ಮ. ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಗೋಂದು ಹಾಕಿದ ಮೊದಲ ನಾಲ್ಕು ಅಕ್ಷರಗಳು ಹತ್ತು ದಿನದಲ್ಲಿ ಒಣಗಿದ ಕೆರೆಯ ತಳದಂತೆ ಬಿರಿದವು. ಇಲ್ಲಿ ಗೆಸ್ಸೋ ಪೂರ್ತಿ ಒಣಗಬೇಕು, ಆಮೇಲೆ ಬಾಯಿಯ ಉಸಿರಿಗೆ ಮಾತ್ರ ಮತ್ತೆ ಅಂಟಾಗಬೇಕು, ಕಲ್ಲು ನೇರವಾಗಿ ಚಿನ್ನದ ಮೇಲೆ ಓಡಿದರೂ ಜಗ್ಗಬಾರದು, ಹಾಳೆಯೊಂದಿಗೆ ಬಾಗಲೂ ಬೇಕು. ಈ ನಾಲ್ಕೂ ಒಟ್ಟಿಗೆ ಬರುವಷ್ಟರಲ್ಲಿ ಸುಮಾರು ಒಂದೂವರೆ ವರ್ಷ ಹೋಯಿತು.

ಗೆಸ್ಸೋಗೆ ನಾನು ಹಿಡಿದದ್ದು ಈ ಕೆಲಸದವರಿಗೆಲ್ಲ ಗೊತ್ತಿರುವ 8:3:1:1. ನೀರಲ್ಲಿ ಕೊಳೆಸಿದ ಪ್ಲಾಸ್ಟರ್ 8, ಸೀಸದ ಬಿಳಿ 3, ಸಕ್ಕರೆ 1, ಮೀನಿನ ಅಂಟು 1, ಬಣ್ಣಕ್ಕೆ ಚಿಟಿಕೆ ಕೆಂಪು ಮಣ್ಣು. ತೂಕವಲ್ಲ, ಅಳತೆ. ಕಾಲು ಚಮಚದ ಅರ್ಧದಷ್ಟು ಹಿಡಿಯುವ ಪುಟ್ಟ ಚಮಚದಲ್ಲಿ ತಲೆ ಸವರಿ ತೆಗೆದುಕೊಂಡದ್ದು. 1400ರ ಆಸುಪಾಸಿನ ಇಟಲಿಯ ಚಿತ್ರಕಾರ ಚೆನ್ನೀನೊ ಚೆನ್ನೀನಿ ತನ್ನ ಕೈಪಿಡಿಯ 157ನೇ ಅಧ್ಯಾಯದಲ್ಲಿ ಸೀಸದ ಬಿಳಿ ಪ್ಲಾಸ್ಟರಿನ ಮೂರನೇ ಒಂದು ಭಾಗ ಮೀರಬಾರದು, ಸಕ್ಕರೆ ಅದಕ್ಕಿಂತಲೂ ಕಡಿಮೆ ಇರಲಿ ಅನ್ನುತ್ತಾನೆ. ನಮ್ಮ ಮೂರು ಭಾಗ ಅವನ ಲೆಕ್ಕಕ್ಕಿಂತ ತುಸು ಹೆಚ್ಚೇ. ಅವನು ಕಲಸುವುದು ಮೊಟ್ಟೆಯ ಬಿಳಿಯಲ್ಲಿ. ಅದನ್ನೂ ಮಾಡಿ ನೋಡಿದೆ. ಹೊಳಪು ಚೆನ್ನ, ಬೇಸಿಗೆಯಲ್ಲಿ ಮಾತ್ರ ಸಿಡುಕು ಜಾಸ್ತಿ.

ಪ್ಲಾಸ್ಟರ್ ಕೊಳೆಸುವುದರಲ್ಲಿ ಆತುರ ಬೇಡ. ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಪ್ಲಾಸ್ಟರ್ ಆಫ್ ಪ್ಯಾರಿಸ್ ಉದುರಿಸಿ, ಮೊದಲ ಒಂದು ಗಂಟೆ ಕೈ ನಿಲ್ಲಿಸದೆ ತಿರುವಬೇಕು. ಮೊದಲ ಸಲ ಇಪ್ಪತ್ತು ನಿಮಿಷಕ್ಕೆ ಸಾಕೆಂದು ಬಿಟ್ಟಿದ್ದಕ್ಕೆ ಬಕೆಟ್ಟಿನ ತಳದಲ್ಲಿ ಕಲ್ಲಾಗಿ ಕೂತಿತು, ಬಕೆಟ್ಟೂ ಹೋಯಿತು. ನಿಂತ ನೀರಲ್ಲಿ ಹರಳುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ತಿರುವುತ್ತಿದ್ದರೆ ಬಿಡಿಬಿಡಿಯಾಗಿ ಉಳಿಯುತ್ತವೆ, ಮತ್ತೆಂದೂ ಗಟ್ಟಿಯಾಗುವುದಿಲ್ಲ. ಆಮೇಲೆ ಒಂದು ತಿಂಗಳು ದಿನಕ್ಕೆ ಹತ್ತು ನಿಮಿಷ ತಿರುವು, ಎರಡು ದಿನಕ್ಕೊಮ್ಮೆ ಮೇಲಿನ ನೀರು ಚೆಲ್ಲಿ ಹೊಸದು. ಬೋರ್‌ವೆಲ್ ನೀರು ಬೇಡ, ಫಿಲ್ಟರ್ ನೀರೇ ಆಗಲಿ. ಬೆರಳ ನಡುವೆ ಹಿಟ್ಟಿಗಿಂತ ನುಣುಪು ಅನ್ನಿಸಿದಾಗ ಬಟ್ಟೆಯಲ್ಲಿ ಹಿಂಡಿ ಬಿಲ್ಲೆ ಮಾಡಿ ಒಣಗಿಸಿ. ಅರ್ಧ ಕಿಲೋ ಮಾಡಿಟ್ಟರೆ ಜೀವಮಾನಕ್ಕೆ ಸಾಕು.

ಸೀಸದ ಬಿಳಿ ವಿಷ. ಒಣಪುಡಿಯನ್ನು ಗಾಳಿಗೆ ಎಬ್ಬಿಸಬೇಡಿ, ಒದ್ದೆಯಲ್ಲೇ ಅರೆಯಿರಿ, ಕೈಗವಸು ಇರಲಿ, ಕುಂಚ ಬಾಯಿಗೆ ಬೇಡ. ಒಣಗಿದ ಗೆಸ್ಸೋ ಕೆರೆದ ಪುಡಿಯೂ ಅದೇ, ಊದಬೇಡಿ, ಒದ್ದೆ ಹತ್ತಿಯಲ್ಲಿ ತೆಗೆಯಿರಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಮಾಡಲೇಬೇಡಿ ಎಂಬುದು ನನ್ನ ಮಾತು. ಬದಲಿಗೆ ಟೈಟೇನಿಯಂ ಬಿಳಿ ಮೂರು ಭಾಗ ಹಾಕಿ ನೋಡಿದೆ. ಚಿನ್ನ ಕೂರುತ್ತದೆ, ಹಾಳೆ ಬಾಗಿಸಿದರೆ ಕೂದಲೆಳೆಯ ಬಿರುಕು. ಚೌಕಟ್ಟಿನೊಳಗೆ ಹೋಗುವ ಕೆಲಸಕ್ಕೆ ಅಡ್ಡಿಯಿಲ್ಲ, ಪುಸ್ತಕಕ್ಕೆ ಆಗದು.

ಸಕ್ಕರೆಯ ವಿಷಯದಲ್ಲಿ ನಾನು ಬಹಳ ದುಡ್ಡು ಕಳೆದುಕೊಂಡೆ. ಚೆನ್ನೀನಿ ಹೇಳುವ ‘ಕ್ಯಾಂಡಿ’ ನಮ್ಮ ಕಲ್ಲುಸಕ್ಕರೆಯ ಜಾತಿ. ಆ ಹೆಸರಿನ ಬೇರೂ ನಮ್ಮ ‘ಖಂಡ’ವೇ. ಕಲ್ಲುಸಕ್ಕರೆ ಪುಡಿ ಸರಿಯಾಗಿ ಕೆಲಸ ಮಾಡುತ್ತದೆ. ಹೆಚ್ಚು ತೇವ ಹಿಡಿಯಲಿ ಎಂದು ಜೇನು ಹಾಕಿದ್ದು ತಪ್ಪಾಯಿತು. ಜೇನು ಗಾಳಿಯ ನೀರನ್ನು ಸಕ್ಕರೆಗಿಂತ ಜೋರಾಗಿ ಎಳೆಯುತ್ತದೆ. ಜುಲೈನಲ್ಲಿ ಗೆಸ್ಸೋ ಒಣಗಲೇ ಇಲ್ಲ, ಕಲ್ಲು ಇಟ್ಟೊಡನೆ ಚಿನ್ನ ಗೆಸ್ಸೋ ಸಮೇತ ಎದ್ದು ಬಂತು. ಎರಡು ಪುಸ್ತಕ ರೇಕು (ರೇಕು ಪುಸ್ತಕದಂತೆ ಕಟ್ಟಿ ಬರುತ್ತದೆ) ಹೋದದ್ದು ಹೀಗೆ. ಬೆಲ್ಲವೂ ಅದೇ ಕಥೆ, ಸಾಲದ್ದಕ್ಕೆ ಕಂದು ಬಣ್ಣ ಬೇರೆ. ಈಗ ನವೆಂಬರಿನಿಂದ ಮೇವರೆಗೆ ಸಕ್ಕರೆ ಒಂದು ಪೂರ್ತಿ ಭಾಗ, ಮಳೆಗಾಲಕ್ಕೆ ಮುಕ್ಕಾಲು. ಇರುವೆ ಲೆಕ್ಕಕ್ಕಿರಲಿ. ಗುಂಡಿಯಂತೆ ಹನಿ ಬಿಟ್ಟು ಒಣಗಲು ಇಟ್ಟ ಗೆಸ್ಸೋವನ್ನು ರಾತ್ರಿ ಕಳೆಯುವಷ್ಟರಲ್ಲಿ ತೂತು ಮಾಡಿಟ್ಟಿದ್ದವು. ತಟ್ಟೆ ನೀರಿನ ನಡುವೆ ಲೋಟ, ಲೋಟದ ಮೇಲೆ ಹಲಗೆ. ಉಪ್ಪಿನಕಾಯಿ ಭರಣಿಗೆ ಮಾಡುವ ಹಾಗೆಯೇ.

ಅಂಟು ತರಿಸಿದ್ದು, ತಣ್ಣೀರಿನ ಮೀನಿನ ಚರ್ಮದ್ದು, ಸೀಸೆಯಲ್ಲಿ ನೀರಾಗಿಯೇ ಇರುತ್ತದೆ. ದುಡ್ಡು ಉಳಿಸಲು ಕರಾವಳಿಯಿಂದ ಮೀನಿನ ಒಣಗಿದ ಗಾಳಿಚೀಲ ತರಿಸಿ ಅಂಟು ಇಳಿಸಿದೆ. ರಾತ್ರಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು, 60 ಡಿಗ್ರಿ ದಾಟದಂತೆ ಎರಡು ಗಂಟೆ. ಕುದಿಸಿದರೆ ಅಂಟಿನ ಶಕ್ತಿ ಸತ್ತಂತೆ. ಅಂಟು ಸೊಗಸಾಗಿ ಬಂತು, ಆದರೆ ಬೆಚ್ಚನೆಯ ಸಮುದ್ರದ ಮೀನಿನದು ಬೇಗ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಗೆಸ್ಸೋ ಎಳೆಯುವ ಗರಿಯ ಲೇಖನಿಯೊಳಗೇ ಜೆಲ್ಲಿ. ಏಪ್ರಿಲ್‌ನಲ್ಲಿ ಮಾತ್ರ ಉಪಯೋಗ. ಅಂಟು ಕಡಿಮೆಯಾದರೆ ಕಲ್ಲಿಗೆ ಪುಡಿ ಬರುತ್ತದೆ, ಹೆಚ್ಚಾದರೆ ಗಾಜಿನಂತಾಗಿ ಉಸಿರಿಗೆ ಏಳುವುದೇ ಇಲ್ಲ. ಇವೆರಡರ ನಡುವೆ ಜಾಗ ಬಹಳ ಕಿರಿದು.

ಕೆಂಪು ಮಣ್ಣಿಗೆ ಅರ್ಮೇನಿಯನ್ ಬೋಲ್ ಎಂಬ ಹೆಸರುವಾಸಿ ಕೆಂಪು ಜೇಡಿಯೇ ಬೇಕೇ ಬೇಕು ಎಂಬುದು ಬರೀ ಗತ್ತು. ಗೆಸ್ಸೋ ಹಾಳೆಯ ಮೇಲೆ ಕಾಣಬೇಕು, ಚಿನ್ನದ ಸೀಳಿನಲ್ಲಿ ಬಿಳಿ ಇಣುಕಬಾರದು, ಅಷ್ಟಕ್ಕೆ ಚಿಟಿಕೆ ಸಾಕು. ಕಾವಿಯನ್ನು ನೀರಲ್ಲಿ ಕದಡಿ, ಅರ್ಧ ನಿಮಿಷ ಬಿಟ್ಟು, ಮೇಲಿನ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಅದರ ತಳದಲ್ಲಿ ಕೂತದ್ದನ್ನು ಬಳಸಿದೆ. ಕಸರಿಲ್ಲ.

ಎಲ್ಲವನ್ನೂ ಗಾಜಿನ ಮೇಲೆ ನಲವತ್ತು ನಿಮಿಷ ಅರೆದು, ಪ್ಲಾಸ್ಟಿಕ್ ಹಾಳೆಯ ಮೇಲೆ ಗುಂಡಿಯಷ್ಟು ಹನಿ ಬಿಟ್ಟು, ನೆರಳಲ್ಲಿ ಮೂರು ದಿನ. ಎಂಟು ಚಮಚದ ಲೆಕ್ಕಕ್ಕೆ ಮೂವತ್ತರ ಆಸುಪಾಸು ಗುಂಡಿ. ಬೇಕಾದಾಗ ಒಂದು ಗುಂಡಿ ಮುರಿದು, ಎರಡು ಹನಿ ನೀರು ಹಾಕಿ ಅರ್ಧ ಗಂಟೆ ಮುಟ್ಟದೆ ಬಿಡಿ. ಆಮೇಲೆ ಹನಿಹನಿಯಾಗಿ ನೀರು ಕೂಡಿಸುತ್ತ ಬೆರಳಲ್ಲಿ ಕರಗಿಸಿ, ದೋಸೆಹಿಟ್ಟಿಗಿಂತ ತುಸು ತೆಳ್ಳಗೆ. ಕಡ್ಡಿಯಲ್ಲಿ ಕಲಕಿದರೆ ಗುಳ್ಳೆ, ಗುಳ್ಳೆ ಒಣಗಿದರೆ ಸೂಜಿತೂತು, ತೂತಿನ ಮೇಲೆ ಚಿನ್ನ ಹರಿಯುತ್ತದೆ. ಹಳಬರು ಗುಳ್ಳೆಗೆ ಕಿವಿಯ ಗುಗ್ಗೆ ಹಾಕುತ್ತಿದ್ದರು. ಲವಂಗದ ಎಣ್ಣೆಯ ಸೂಜಿಮೊನೆಯಷ್ಟೂ ಅದೇ ಕೆಲಸ ಮಾಡುತ್ತದೆ.

ಹಾಳೆಗೆ ಪ್ಯೂಮಿಸ್ ಕಲ್ಲಿನ ಪುಡಿ ಉಜ್ಜಿ ಜಿಡ್ಡು ತೆಗೆದಿರಬೇಕು. ಬರವಣಿಗೆ ಮೊದಲೇ ಮುಗಿದಿರಬೇಕು. ಗೆಸ್ಸೋಗೆ ಮುಂಚೆ ನಾನೊಂದು ತೆಳು ಪದರ ಕೊಡುತ್ತೇನೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಅಡುಗೆಮನೆಯಲ್ಲೇ ಸಿಗುತ್ತದೆ ಅಂದಮೇಲೆ ಹುಡುಕಿಕೊಳ್ಳಬಹುದು. ಗರಿಯಲ್ಲಿ ಗೆಸ್ಸೋ ತುಂಬಿ ಅಕ್ಷರದ ನಡುವೆ ಕೊಳ ಮಾಡಿ, ಅಲ್ಲಿಂದ ಅಂಚಿಗೆ ಎಳೆಯಬೇಕು. ಅಂಚಿನಿಂದ ಶುರು ಮಾಡಿದರೆ ನಡು ಹಳ್ಳವಾಗುತ್ತದೆ. ಫ್ಯಾನ್ ಬಂದ್. ಮೇಲ್ಮೈ ಬೇಗ ಒಣಗಿ ಒಳಗೆ ಹಸಿ ಉಳಿದರೆ ಬಿರುಕು ಖಂಡಿತ. ಸಮತಟ್ಟು ಮೇಜಿನ ಮೇಲೆ ಒಂದು ರಾತ್ರಿ ಬಿಟ್ಟು, ಬಾಗಿದ ಅಲಗಿನಿಂದ ಮೇಲ್ಮೈ ತೆಳ್ಳಗೆ ಕೆರೆಯಿರಿ.

ಇನ್ನು ಹವೆ. ಐನೂರು ರೂಪಾಯಿಗೆ ತೇವಾಂಶ ಅಳೆಯುವ ಹೈಗ್ರೋಮೀಟರ್ ಕೊಂಡ ದಿನದಿಂದ ನನ್ನ ಕೆಲಸದ ದಿಕ್ಕೇ ಬದಲಾಯಿತು. ಅಲ್ಲಿಯತನಕ ನನ್ನ ಗೆಸ್ಸೋವನ್ನೇ ಬೈಯುತ್ತಿದ್ದೆ. ತೇವಾಂಶ 60ರಿಂದ 68 ಶೇಕಡಾ ಇದ್ದಾಗ ಹತ್ತರಲ್ಲಿ ಒಂಬತ್ತು ಅಕ್ಷರ ಕೂತವು. 50ಕ್ಕಿಂತ ಕೆಳಗೆ ಹದಿನೈದು ಉಸಿರು ಕೊಟ್ಟರೂ ರೇಕು ಜಾರುತ್ತದೆ. 75 ದಾಟಿತೋ, ಅಂಟುವುದು ಚೆನ್ನಾಗಿಯೇ ಅಂಟುತ್ತದೆ, ಕಲ್ಲು ಮಾತ್ರ ಜಗ್ಗುತ್ತದೆ. ಬೆಂಗಳೂರಿನಲ್ಲಿ ಮಾರ್ಚ್ ಮಧ್ಯಾಹ್ನ ಮೂವತ್ತಕ್ಕೂ ಇಳಿಯುತ್ತದೆ, ಆದರೆ ಬೆಳಿಗ್ಗೆ ಏಳರ ಸುಮಾರಿಗೆ ಅರವತ್ತರ ಹತ್ತಿರ ಸಿಗುತ್ತದೆ. ಜುಲೈನಲ್ಲಿ ತಿರುಗಾಮುರುಗಾ: ಬೆಳಿಗ್ಗೆ ಮುಟ್ಟಬೇಡಿ, ಮಧ್ಯಾಹ್ನ ಎರಡರಿಂದ ನಾಲ್ಕು ಹೊತ್ತು ಒಳ್ಳೆಯದು. ಹಟಕ್ಕೆ ಬೇಸಿಗೆಯ ಮಧ್ಯಾಹ್ನವೇ ಮಾಡಬೇಕಿದ್ದರೆ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಟವೆಲ್ ಇಟ್ಟು, ಹಾಳೆಗೆ ತಾಗದಂತೆ ಇಪ್ಪತ್ತು ನಿಮಿಷ ಮುಚ್ಚಿಡಿ. ಅರ್ಧ ಗಂಟೆ ಮೀರಿದರೆ ಹಾಳೆ ಅಲೆಅಲೆಯಾಗುತ್ತದೆ.

ಕಾಗದದ ಕೊಳವೆಯಲ್ಲಿ ಗೆಸ್ಸೋ ಮೇಲೆ ಹೊಟ್ಟೆಯಾಳದಿಂದ ಎಂಟು ಹತ್ತು ಬಿಸಿ ಉಸಿರು. ಉಸಿರು ಎಳೆಯುವಾಗ ಕೊಳವೆ ಬಾಯಿಂದ ತೆಗೆಯಿರಿ, ಕೆಳಗಿರುವುದು ಸೀಸ. ಎರಡೇ ಸೆಕೆಂಡಿನಲ್ಲಿ ರೇಕು ಮೇಲಿರಬೇಕು, ರೇಷ್ಮೆಯಿಂದ ಒತ್ತಿ, ಬಟರ್ ಪೇಪರ್ ಇಟ್ಟು ಅಂಚಿನ ಸುತ್ತ ಕಲ್ಲಿನ ಮೊನೆಯಿಂದ ಗೆರೆ. ಎರಡನೇ ರೇಕು ಉಸಿರಿಲ್ಲದೆಯೇ ಮೊದಲನೆಯದಕ್ಕೆ ಹಿಡಿಯುತ್ತದೆ, ಅಪ್ಪಟ ಚಿನ್ನಕ್ಕೆ ಚಿನ್ನ ಅಂಟುವ ಗುಣವಿದೆ. ಕಾಗದಕ್ಕೆ ಅಂಟಿಸಿ ಬರುವ ರೇಕು ಕೆಲಸಕ್ಕೆ ಸುಲಭ, ಹೊಳಪು ಒಂದು ಕೈ ಕಡಿಮೆ. ಮೈಸೂರು ಕೆಲಸದ ದಪ್ಪ ರೇಕು ಇಲ್ಲಿ ಪ್ರಯೋಜನವಿಲ್ಲ, ಉಬ್ಬಿನ ಅಂಚಿನಲ್ಲಿ ಮಡಚಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು, ಹಾಳೆಯ ಕೆಳಗೆ ನುಣ್ಣನೆಯ ಹಲಗೆ ಇಟ್ಟು, ನಾಯಿಹಲ್ಲಿನ ಆಕಾರದ ಅಗೇಟಿನಿಂದ ಮೊದಲು ಹೂವಿನಂತೆ, ಆಮೇಲೆ ಬಲ ಕೊಟ್ಟು ಉಜ್ಜಿ. ಕಲ್ಲು ಕಿರುಗುಟ್ಟಿದರೆ ಒಳಗೆ ಹಸಿಯಿದೆ, ಅಲ್ಲಿಗೇ ನಿಲ್ಲಿಸಿ ಮಾರನೆಯ ದಿನ ನೋಡಿ.

ಬಣ್ಣ ಚಿನ್ನದ ನಂತರವೇ. ಮೊದಲೇ ಬಳಿದರೆ ಉಸಿರಿಗೆ ಬಣ್ಣದ ಗೋಂದೂ ಎದ್ದು ರೇಕು ಅಲ್ಲೆಲ್ಲ ಹತ್ತಿಕೊಳ್ಳುತ್ತದೆ. ನೀಲಿಗೆ ಕೃತಕ ಅಲ್ಟ್ರಮರೀನ್ ಹಾಕಿದೆ, ಅಸಲಿ ನೀಲಿ ಬರುವ ಲ್ಯಾಪಿಸ್ ಕಲ್ಲಿಗೆ ದುಡ್ಡಿಲ್ಲ. ಗುಲಾಬಿಗೆ ಮಾತ್ರ ಹಳೆಯ ದಾರಿ ಹಿಡಿದೆ. ಆ ಪುಸ್ತಕಗಳ ಗುಲಾಬಿ ಬಣ್ಣಕ್ಕೆ ಬಳಸುತ್ತಿದ್ದ ಬ್ರೆಜಿಲ್ ಮರ ಆಗ ಅಮೆರಿಕದಿಂದಲ್ಲ, ಏಷ್ಯಾದಿಂದ ಹೋಗುತ್ತಿತ್ತು. ಕೇರಳದವರು ಕುಡಿಯುವ ನೀರಿಗೆ ಹಾಕುವ ಪತಿಮುಖಂ ಚಕ್ಕೆಯೇ ಅದು. ಹತ್ತು ಗ್ರಾಂ ಚಕ್ಕೆ, ಒಂದು ಲೋಟಕ್ಕಿಂತ ಕಡಿಮೆ ನೀರು, ಸಣ್ಣ ಉರಿಯಲ್ಲಿ ಅರ್ಧ ಗಂಟೆ, ಸೋಸಿ ನಾಲ್ಕು ಗ್ರಾಂ ಪಟಿಕ, ಆಮೇಲೆ ಸೀಮೆಸುಣ್ಣದ ಪುಡಿ ಚಿಟಿಕೆ ಚಿಟಿಕೆಯಾಗಿ. ನೊರೆ ಉಕ್ಕುತ್ತದೆ, ದೊಡ್ಡ ಪಾತ್ರೆ ಇರಲಿ. ಕಬ್ಬಿಣದ ಪಾತ್ರೆಯಲ್ಲಿ ಮಾಡಿದರೆ ಬಣ್ಣ ಕೊಳಕಾಗಿ ಕಪ್ಪಾಗುತ್ತದೆ. ಕಿಟಕಿಯಲ್ಲಿ ಮೂರು ವಾರ ಇಟ್ಟ ಚೂರು ಅರ್ಧಕ್ಕರ್ಧ ಬಿಳಿಚಿತು, ಮುಚ್ಚಿದ ಪುಸ್ತಕದೊಳಗಿನದು ಹಾಗೇ ಇದೆ.

ಇನ್ನೊಂದು ಪ್ರಯೋಗ, ತಬಲಾಕ್ಕೆ ಹಾಕುವ ಮೇಕೆ ಚರ್ಮ. ಇನ್ನೂರೈವತ್ತಕ್ಕೆ ಸಿಕ್ಕಿತೆಂದು ಖುಷಿಪಟ್ಟೆ. ಎಷ್ಟು ಉಜ್ಜಿದರೂ ಜಿಡ್ಡು ಬಿಡಲಿಲ್ಲ, ಎಣ್ಣೆಕಾಗದದಂತೆ ಬೆಳಕು ತೂರುತ್ತದೆ, ಗೆಸ್ಸೋ ಸಿಪ್ಪೆಯಾಗಿ ಎದ್ದಿತು. ಪಾರ್ಚ್‌ಮೆಂಟ್ ಚೌಕಟ್ಟಿನಲ್ಲಿ ಬಿಗಿದು ಕೆರೆಯುತ್ತಲೇ ಒಣಗಿಸಿದ್ದು, ಆ ಬೆಳ್ಳನೆಯ ಮೈ ಅದರಿಂದ ಬರುವಂಥದ್ದು. ತರಿಸಿದ ಹಾಳೆಗೇ ದುಡ್ಡು ಸುರಿಯಬೇಕಾಯಿತು.

ಲೆಕ್ಕ ಹೀಗೆ: ರೇಕು ಮೂರು ಪುಸ್ತಕ ಹನ್ನೊಂದು ಸಾವಿರದ ಹತ್ತಿರ, ಹಾಳೆ ಒಂಬತ್ತು, ಅಗೇಟ್ ಮೂರಕ್ಕೆ ಸ್ವಲ್ಪ ಕಡಿಮೆ, ಸೀಸ, ಅಂಟು, ಉಳಿದದ್ದೆಲ್ಲ ಸೇರಿ ಐದು. ಒಟ್ಟು ಇಪ್ಪತ್ತೆಂಟು ಸಾವಿರ. ಕಲಿತಮೇಲೆ ಒಂದು ಅಕ್ಷರಕ್ಕೆ ಸಾಮಗ್ರಿಯ ಖರ್ಚು ನೂರು ರೂಪಾಯಿ ದಾಟುವುದಿಲ್ಲ, ಏಕೆಂದರೆ ಒಂದು ರೇಕಿನಲ್ಲಿ ಅಂಥವು ಹತ್ತು ಹನ್ನೆರಡು ಆಗುತ್ತವೆ.

40 ಮಿಲಿಮೀಟರ್ ದಾಟಿದ ಅಕ್ಷರ ಇನ್ನೂ ನನ್ನ ಕೈಗೆ ಬಂದಿಲ್ಲ. ಅಗಲ ಕಾಂಡದ ನಡುವೆ ಒಣಗುವಾಗಲೇ ಬಿರುಕು. ಒಂದೇ ದಪ್ಪ ಪದರದ ಬದಲು ಮೂರು ತೆಳು ಪದರ, ನಡುವೆ ಒಂದೊಂದು ದಿನ ಬಿಟ್ಟು ಈಗ ಹಾಕುತ್ತಿದ್ದೇನೆ. ಎರಡನೆಯದು ನಿನ್ನೆ ರಾತ್ರಿ ಒಣಗಿತು, ಇನ್ನೂ ಸೀಳಿಲ್ಲ.