ರಿಸೀವರ್ ಹೋಲಿಸುವ ಮುನ್ನ ಸದ್ದು ಸಮ ಮಾಡಿ

ಎರಡು ಹೋಂ ಥಿಯೇಟರ್ ರಿಸೀವರ್ (ಸ್ಪೀಕರುಗಳಿಗೆ ಸದ್ದು ಕೊಡುವ ಪೆಟ್ಟಿಗೆ) ಪಕ್ಕಪಕ್ಕ ಇಟ್ಟು, ಎರಡರಲ್ಲೂ ವಾಲ್ಯೂಮ್ 50ಕ್ಕೆ ತಿರುಗಿಸಿ, 'ಇದೇ ಚೆನ್ನಾಗಿದೆ' ಎಂದು ತೀರ್ಪು ಕೊಡುವವರನ್ನು ಬಹಳ ನೋಡಿದ್ದೇನೆ. ಒಂದರ 50 ಇನ್ನೊಂದರ 50ಕ್ಕೆ ಸಮ ಅಂತ ಏನಿಲ್ಲ. ತುಸು ಜಾಸ್ತಿ ಸದ್ದು ಬಂದದ್ದೇ ಕಿವಿಗೆ ಚೆಂದ ಕೇಳುತ್ತದೆ.

1. ಸ್ಪೀಕರ್, ಪ್ಲೇಯರ್, ಹಾಡಿನ ಫೈಲ್, ಕೂರುವ ಜಾಗ ಎಲ್ಲ ಎರಡಕ್ಕೂ ಒಂದೇ ಇರಲಿ.

2. ಡೈರೆಕ್ಟ್ ಮೋಡ್ (ಸದ್ದನ್ನು ತಿದ್ದದೆ ಹಾಗೇ ಬಿಡುವ ಮೋಡ್) ಹಾಕಿ. ರೂಮ್ ಕರೆಕ್ಷನ್ (ಕೋಣೆಗೆ ತಕ್ಕಂತೆ ಸದ್ದು ತಿದ್ದುವುದು), ಡೈನಾಮಿಕ್ ವಾಲ್ಯೂಮ್ (ಜೋರು, ಮೆಲು ಸದ್ದಿನ ಅಂತರ ತಾನೇ ಕಡಿಮೆ ಮಾಡುವುದು), ಸಬ್‌ವೂಫರ್ ಆಫ್. ರೂಮ್ ಕರೆಕ್ಷನ್ ಕೇಳಿಸಿಕೊಳ್ಳುವಷ್ಟು ವ್ಯತ್ಯಾಸ ತರುತ್ತದೆ. ಅದನ್ನು ಆಮೇಲೆ ಬೇರೆಯಾಗಿಯೇ ಹೋಲಿಸಿ.

3. ಈಗ ಸದ್ದು ಸಮ ಮಾಡಬೇಕು. ಎಲ್ಲರೂ ಎಡವುವುದು ಇಲ್ಲೇ. ಮೊಬೈಲ್ ಆ್ಯಪ್ ಸಾಲದು. ಫೋನ್ ಒಂದು ಗೇಣು ಸರಿದರೂ ಅಂಕಿ ಬದಲಾಗುತ್ತದೆ. ಮಲ್ಟಿಮೀಟರ್ ತಗೊಳ್ಳಿ, ಎಸಿ ವೋಲ್ಟ್‌ಗೆ ಇಡಿ. ಪ್ಲೇಯರ್‌ನಲ್ಲಿ 200 ಹರ್ಟ್ಸ್‌ನ ಸೈನ್ ಟೋನ್ (ಒಂದೇ ಸಮನೆ ಬರುವ ಒಂದೇ ಸ್ವರ) ಹಾಕಿ. ಅಗ್ಗದ ಮೀಟರ್‌ಗಳು ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ತಪ್ಪು ತೋರಿಸುತ್ತವೆ. ಪಿಂಕ್ ನಾಯ್ಸ್ (ಎಲ್ಲ ಫ್ರೀಕ್ವೆನ್ಸಿ ಬೆರೆತ ಭೋರೆನ್ನುವ ಸದ್ದು) ಬೇಡ, ಮೀಟರಿನ ಅಂಕಿ ಒಂದು ಕಡೆ ನಿಲ್ಲುವುದಿಲ್ಲ. ಸ್ಪೀಕರ್ ವಯರ್ ಜೋಡಿಸಿಯೇ ಇರಲಿ. ಮೀಟರಿನ ಎರಡು ಕಡ್ಡಿಗಳನ್ನೂ ಒಂದೇ ಸ್ಪೀಕರಿನ ಪ್ಲಸ್, ಮೈನಸ್‌ಗೆ ಹಿಡಿಯಿರಿ. ಕರಿ ಕಡ್ಡಿಯನ್ನು ರಿಸೀವರ್ ಮೈಗೆ ಮುಟ್ಟಿಸಬೇಡಿ.

ಮೊದಲನೆಯದರಲ್ಲಿ 2.00 ವೋಲ್ಟ್ ಬಂತು ಅಂತಿಟ್ಟುಕೊಳ್ಳಿ. ಎರಡನೆಯದು 1.98ರಿಂದ 2.02ರೊಳಗೆ ಬರಲೇಬೇಕು. ಆಗ ವ್ಯತ್ಯಾಸ 0.1 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಒಳಗಿರುತ್ತದೆ. ಆದರೆ ಬಹಳಷ್ಟು ರಿಸೀವರ್‌ಗಳ ವಾಲ್ಯೂಮ್ ಏರುವುದು 0.5 ಡೆಸಿಬೆಲ್ ಲೆಕ್ಕದಲ್ಲಿ, 2.00ರಿಂದ ಒಂದೇ ನೆಗೆತಕ್ಕೆ 2.12! ಉಳಿದ ಚೂರನ್ನು ಪ್ಲೇಯರ್ ವಾಲ್ಯೂಮ್‌ನಲ್ಲಿ ಸರಿ ಮಾಡಿ, ಬರೆದಿಡಿ. ಎಡ, ಬಲ ಎರಡನ್ನೂ ಅಳೆಯಿರಿ.

4. ನೋಡದೆ ಕೇಳಿ. ಗೆಳೆಯರೊಬ್ಬರು ಮರೆಯಲ್ಲಿ ನಾಣ್ಯ ಚಿಮ್ಮಿ ರಿಸೀವರ್ ಆರಿಸಲಿ. 16 ಸಲದಲ್ಲಿ 12 ಸಲ ಯಾವ ರಿಸೀವರ್ ಎಂದು ಸರಿ ಹೇಳಿದರೆ ನಂಬಬಹುದು; ಬರೀ ಊಹೆಯಲ್ಲಿ ಅಷ್ಟು ಸರಿಹೋಗುವುದು 100ಕ್ಕೆ 4ಕ್ಕಿಂತ ಕಡಿಮೆ. ಬದಲಾಯಿಸಲು ಬಳಸುವ ಸ್ವಿಚ್ ಬಾಕ್ಸ್ ಪ್ಲಸ್, ಮೈನಸ್ ಎರಡನ್ನೂ ಕಡಿಯುವಂಥದ್ದೇ ಆಗಬೇಕು. ಎರಡು ರಿಸೀವರ್‌ಗಳ ಔಟ್‌ಪುಟ್ ಒಂದಕ್ಕೊಂದು ತಾಗಿದರೆ ಆಂಪ್ (ರಿಸೀವರ್ ಒಳಗಿನ ಆಂಪ್ಲಿಫೈಯರ್) ಸುಟ್ಟುಹೋಗಬಹುದು. ಎರಡರ ಮೈನಸನ್ನೂ ಒಳಗೇ ಒಟ್ಟಿಗೆ ಜೋಡಿಸಿಟ್ಟಿರುವ ಅಗ್ಗದ ಬಾಕ್ಸ್ ಖಂಡಿತ ಬೇಡ.

5. ಪೆಟ್ಟಿಗೆ ಮೇಲಿನ ವ್ಯಾಟ್ ಹೋಲಿಸುವಾಗ ಸಣ್ಣ ಅಕ್ಷರ ಓದಿ. '6 ಓಮ್, 1 ಕಿಲೋಹರ್ಟ್ಸ್, 1 ಚಾನೆಲ್, 10% ಡಿಸ್ಟಾರ್ಷನ್ (ಸದ್ದು ಕೆಡುವುದು)' ಅಂತಿದ್ದರೆ ಅದು ಉಬ್ಬಿಸಿದ ಅಂಕಿ, ಬದಿಗಿಡಿ. 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 2 ಚಾನೆಲ್ ಒಟ್ಟಿಗೆ ಎಂಬ ಸಾಲನ್ನೇ ಎರಡರಲ್ಲೂ ಹುಡುಕಿ. 100 ವ್ಯಾಟ್‌ಗೂ 200 ವ್ಯಾಟ್‌ಗೂ ಇರುವ ಅಂತರ ಬರೀ 3 ಡೆಸಿಬೆಲ್. ಅದಕ್ಕಾಗಿ ಜಾಸ್ತಿ ದುಡ್ಡು ಸುರಿಯಬೇಡಿ.