ಮದುವೆ ವಿಡಿಯೊ ಎಡಿಟಿಂಗ್: ಫೈಲುಗಳನ್ನು ಎಲ್ಲಿಡಬೇಕು, ಹೇಗಿಡಬೇಕು?

ಮದುವೆ ಸೀಸನ್ ಬಂತೆಂದರೆ ಎಡಿಟರ್ ಟೇಬಲ್ ಮೇಲೆ ಹಾರ್ಡ್ ಡಿಸ್ಕುಗಳ ಗುಡ್ಡೆ. ಯಾವುದರಲ್ಲಿ ಯಾರ ಮದುವೆ ಇದೆ ಅನ್ನೋದು ಒಂದೊಂದನ್ನೇ ಚುಚ್ಚಿ ನೋಡಿದ ಮೇಲೇ ಗೊತ್ತಾಗೋದು. ಹೊಸ ಡಿಸ್ಕ್ ತರುವ ಮೊದಲು ಇರುವ ಫೈಲುಗಳನ್ನೇ ಮೂರು ಪಾಲು ಮಾಡಿ ನೋಡಿ. ಕ್ಯಾಮೆರಾದಿಂದ ಬಂದ ಮೂಲ ವಿಡಿಯೊ ಹೋದರೆ ಮತ್ತೆ ಸಿಗುವುದಿಲ್ಲ. ಎಲ್ಲಿ ಕತ್ತರಿಸಿದಿರಿ, ಏನು ಜೋಡಿಸಿದಿರಿ ಎಂಬ ದಾಖಲೆ ಇರುವ ಪ್ರಾಜೆಕ್ಟ್ ಫೈಲ್ ಹೋದರೆ ನಿದ್ದೆಗೆಟ್ಟು ಮತ್ತೆ ಮಾಡಬಹುದು. ಕ್ಯಾಶ್ (ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಮಾಡಿಕೊಳ್ಳುವ ತಾತ್ಕಾಲಿಕ ಫೈಲುಗಳು), ಪ್ರಾಕ್ಸಿಗಳು (ಎಡಿಟಿಂಗ್ ಸಲೀಸಾಗಲೆಂದು ಮಾಡಿದ ಹಗುರ ನಕಲುಗಳು) ಹೋದರೆ ಹೋಗಲಿ, ಕಂಪ್ಯೂಟರೇ ಮತ್ತೆ ಮಾಡಿಕೊಳ್ಳುತ್ತದೆ. ಯಾವುದನ್ನು ಎಲ್ಲಿಡಬೇಕು, ಯಾವುದನ್ನು ಅಳಿಸಬಹುದು ಅನ್ನೋದು ಇದರ ಮೇಲೇ ನಿಂತಿದೆ.

ಮೊದಲು ಜಾಗದ ಲೆಕ್ಕ

4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಶೂಟ್ ಮಾಡಿದರೆ ಗಂಟೆಗೆ ಸುಮಾರು 45 ಜಿಬಿ ಬೇಕು. ಎರಡು ಕ್ಯಾಮೆರಾ, ತಲಾ ನಾಲ್ಕು ಗಂಟೆ ರೆಕಾರ್ಡಿಂಗ್ ಅಂದರೆ 360 ಜಿಬಿ. ಎರಡು ಪ್ರತಿ ಇಟ್ಟರೆ 720. ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಡಿಸ್ಕ್ ಖರ್ಚನ್ನೂ ಸೇರಿಸಿಕೊಳ್ಳಿ.

ಕಾರ್ಡ್ ಖಾಲಿ ಮಾಡುವಾಗ

ಎಡವಟ್ಟು ಜಾಸ್ತಿ ಆಗುವುದು ಇಲ್ಲೇ. ಸೋನಿ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಮೊದಲ ಕ್ಲಿಪ್ಪಿನ ಹೆಸರು ಸಿ0001. ಎರಡನೇ ಕ್ಯಾಮೆರಾದ ಕಾರ್ಡಿನಲ್ಲೂ ಅದೇ ಸಿ0001. ಎರಡನ್ನೂ ಒಂದೇ ಫೋಲ್ಡರಿಗೆ ಸುರಿಯಲು ಹೋದರೆ ‘ಇದೇ ಹೆಸರಿನ ಫೈಲ್ ಇದೆ, ಬದಲಿಸಲೇ?’ ಎಂದು ವಿಂಡೋಸ್ ಕೇಳುತ್ತದೆ. ರಾತ್ರಿ ಹನ್ನೆರಡಕ್ಕೆ ತೂಕಡಿಸುತ್ತಾ ‘ಹೂಂ’ ಅಂದುಬಿಟ್ಟರೆ ಒಂದು ಕ್ಯಾಮೆರಾದ ಧಾರೆ ಹೋಯಿತು. ಹಾಗಾಗಿ ಪ್ರತಿ ಕಾರ್ಡಿಗೂ ಬೇರೆ ಫೋಲ್ಡರ್ ಇರಲಿ: ಕ್ಯಾಮ್1_ಕಾರ್ಡ್1, ಕ್ಯಾಮ್2_ಕಾರ್ಡ್1, ಹೀಗೆ. ವಿಡಿಯೊಗಳನ್ನಷ್ಟೇ ಆರಿಸಬೇಡಿ, ಕಾರ್ಡಿನಲ್ಲಿರುವುದನ್ನು ಇದ್ದ ಹಾಗೇ ಪೂರ್ತಿ ಕಾಪಿ ಮಾಡಿ.

ಕಾಪಿ ಸರಿಯಾಗಿದೆಯೇ ಅನ್ನೋದನ್ನು ಫೈಲ್ ಕಾಪಿ ಮಾಡುವ ಸಾಫ್ಟ್‌ವೇರ್ ಟೆರಾಕಾಪಿಯ ‘ವೆರಿಫೈ’ ಅಥವಾ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ‘ಕ್ಲೋನ್ ಟೂಲ್’ ನೋಡಿಕೊಳ್ಳುತ್ತದೆ. ಅದೇನೂ ಇಲ್ಲದಿದ್ದರೆ ಫೈಲುಗಳ ಸಂಖ್ಯೆ, ಒಟ್ಟು ಸೈಜ್ ಎರಡನ್ನಾದರೂ ತಾಳೆ ನೋಡಿ. ಎರಡು ಡಿಸ್ಕುಗಳಿಗೆ ಹೋಗುವ ತನಕ ಕಾರ್ಡ್ ಫಾರ್ಮ್ಯಾಟ್ ಬೇಡ.

ಒಂದು ಮದುವೆ, ಒಂದು ಫೋಲ್ಡರ್

ಹೆಸರಿನ ಮೊದಲಿಗೆ ವರ್ಷ, ಆಮೇಲೆ ತಿಂಗಳು, ದಿನ ಬರಲಿ. 2025-02-16 ಎಂದು ಶುರು ಮಾಡಿದರೆ ಎಲ್ಲ ಮದುವೆಗಳೂ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಒಳಗೆ ಫೂಟೇಜ್, ಆಡಿಯೊ, ಹಾಡು, ಫೋಟೊ, ಪ್ರಾಜೆಕ್ಟ್, ಔಟ್‌ಪುಟ್ ಇಷ್ಟು ಸಾಕು. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಇದೇ’ ಎಂಬ ಹೆಸರುಗಳ ಕಥೆ ಎಲ್ಲರಿಗೂ ಗೊತ್ತು. ವಿ1, ವಿ2 ಎಂದು ಹಾಕಿ.

ವಾಟ್ಸಾಪ್‌ನಲ್ಲಿ ಬಂದ ಹಾಡು, ಲಗ್ನಪತ್ರಿಕೆಯ ಫೋಟೊಗಳನ್ನು ಮೊದಲು ಈ ಫೋಲ್ಡರಿಗೆ ಹಾಕಿ, ಆಮೇಲೆ ಟೈಮ್‌ಲೈನಿಗೆ ಎಳೆಯಿರಿ. ಡೌನ್‌ಲೋಡ್ಸ್‌ನಿಂದ ನೇರವಾಗಿ ಎಳೆದರೆ ಮುಂದೊಂದು ದಿನ ಅದನ್ನು ಖಾಲಿ ಮಾಡಿದಾಗ ‘ಮೀಡಿಯಾ ಆಫ್‌ಲೈನ್’, ಅಂದರೆ ಫೈಲ್ ಸಿಗುತ್ತಿಲ್ಲ ಎಂಬ ಸಂದೇಶ ಗ್ಯಾರಂಟಿ. ಡಿಸ್ಕಿಗೆ ವಿಂಡೋಸ್ ಕೊಡುವ ಡಿ, ಇ ಥರದ ಡ್ರೈವ್ ಅಕ್ಷರ ಬದಲಾದರೂ ಇದೇ ಪಾಡು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಪ್ರತಿ ಡಿಸ್ಕಿಗೂ ಒಂದು ಅಕ್ಷರ ಕೊಟ್ಟುಬಿಡಿ.

ರಿಸಾಲ್ವ್ ಬಳಸುವವರು ಒಂದು ಮಾತು ನೆನಪಿಡಬೇಕು. ಪ್ರಾಜೆಕ್ಟ್ ಇರುವುದು ಅದರ ಡೇಟಾಬೇಸಿನಲ್ಲಿ, ನೀವು ಮಾಡಿದ ಫೋಲ್ಡರಿನಲ್ಲಲ್ಲ. ಫೋಲ್ಡರನ್ನು ಎಷ್ಟು ಸಲ ಕಾಪಿ ಮಾಡಿದರೂ ಎಡಿಟ್ ಅದರೊಳಗೆ ಬರುವುದಿಲ್ಲ. ದಿನದ ಕೆಲಸ ಮುಗಿದ ಮೇಲೆ ಪ್ರಾಜೆಕ್ಟನ್ನು ಡಿಆರ್‌ಪಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ‘ಪ್ರಾಜೆಕ್ಟ್’ ಫೋಲ್ಡರಿಗೆ ಹಾಕಿ. ಅದರಲ್ಲಿ ವಿಡಿಯೊ ಇರುವುದಿಲ್ಲ, ಸೈಜ್ ಸಣ್ಣದು. ಗೂಗಲ್ ಡ್ರೈವ್‌ಗೂ ಒಂದು ಕಾಪಿ ಹೋಗಲಿ.

ಯಾವ ಡಿಸ್ಕ್ ಯಾವುದಕ್ಕೆ?

ಎಡಿಟ್ ಮಾಡಲು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್). ಮುಗಿದ ಮೇಲೆ ಎತ್ತಿಡಲು ಸಾದಾ ಹಾರ್ಡ್ ಡಿಸ್ಕ್, ಅಗ್ಗ. ಎಸ್‌ಎಸ್‌ಡಿಯನ್ನು ಕರೆಂಟ್ ಕೊಡದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಡೇಟಾ ಹಾಳಾಗುವ ಭಯವೂ ಇದೆ. ವಿಂಡೋಸ್, ಮ್ಯಾಕ್ ಎರಡರಲ್ಲೂ ಓಡಬೇಕೆಂದರೆ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಹಳೆಯ ಮಾದರಿಯಾದ ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಸುವುದಿಲ್ಲ.

ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ 3-2-1 ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ಸೂತ್ರ ಒಳ್ಳೆಯದೇ. ಆದರೆ ಸೆಕೆಂಡಿಗೆ 50 ಮೆಗಾಬಿಟ್ ಅಪ್‌ಲೋಡ್ ಇದ್ದರೂ 360 ಜಿಬಿ ಕ್ಲೌಡಿಗೆ ಏರಲು 16 ಗಂಟೆ ಬೇಕು. ಸಣ್ಣ ಸ್ಟುಡಿಯೊಗಳಿಗೆ ನನ್ನ ಸಲಹೆ: ಒಂದು ಡಿಸ್ಕ್ ಸ್ಟುಡಿಯೊದಲ್ಲಿ, ಇನ್ನೊಂದು ಮನೆಯಲ್ಲಿ. ಕ್ಲೌಡಿಗೆ ಪ್ರಾಜೆಕ್ಟ್ ಫೈಲ್ ಮತ್ತು ಫೈನಲ್ ವಿಡಿಯೊ ಸಾಕು.

ಕೊಟ್ಟ ಮೇಲೆ

ಕ್ಯಾಶ್, ಪ್ರಾಕ್ಸಿಗಳನ್ನು ಧೈರ್ಯವಾಗಿ ಅಳಿಸಿ. ಹತ್ತಾರು ಜಿಬಿ ಬಿಡುವಾಗುತ್ತದೆ. ಮೂಲ ಫೂಟೇಜ್ ಎಷ್ಟು ದಿನ ಇಡುತ್ತೀರಿ ಅನ್ನೋದನ್ನು ಕೊಟೇಶನ್ನಿನಲ್ಲೇ ಬರೆದುಕೊಡಿ, ಆರು ತಿಂಗಳೋ, ವರ್ಷವೋ. ಇಲ್ಲದಿದ್ದರೆ ಮಗುವಿನ ನಾಮಕರಣಕ್ಕೆ ಕರೆಯಲು ಬಂದವರು ‘ಅಣ್ಣಾ, ನಮ್ಮ ಮದುವೆ ರಾ ವಿಡಿಯೊ ಇದೆ ಅಲ್ವಾ?’ ಅಂತ ಕೇಳುತ್ತಾರೆ. ಅವರದೇ ಡಿಸ್ಕ್ ತರಿಸಿ ತುಂಬಿಸಿಕೊಟ್ಟರೆ ಇನ್ನೂ ಒಳ್ಳೆಯದು. ಕೊಡುವಾಗ ನಾಲ್ಕಾರು ಕ್ಲಿಪ್ಪುಗಳನ್ನು ಅವರ ಎದುರೇ ಓಡಿಸಿ ತೋರಿಸಿ, ಬಿಲ್ಲಿನ ಮೇಲೆ ಸಹಿ ಹಾಕಿಸಿಕೊಳ್ಳಿ.